ಸಹಾಯಕ ಸೈನ್ಯವೂ ಕನ್ನಡ ಸೀಮೆಯೂ

ವಡಾಲದಿಂದ ಹಾರ್ಬರ್ ಗಾಡಿಯಲ್ಲಿ ಅಂಧೇರಿಗೆ ಹೋಗಿ, ಅಲ್ಲಿ ವಿರಾರ್ ಗಾಡಿ ಹತ್ತಿದರೆ ವಸಾಯಿ ಮುಟ್ಟುತ್ತೇವೆ. 1739ರಲ್ಲಿ ಚಿಮಾಜಿ ಅಪ್ಪ ಪೋರ್ತುಗೀಸರಿಂದ ಗೆದ್ದುಕೊಂಡ ಕೋಟೆಯ ಊರೆಂದು ನಮ್ಮ ಬಾಂಧವರಲ್ಲಿ ಅನೇಕರು ಅದನ್ನು ನೋಡಿ ಬಂದಿರಬಹುದು. ಆದರೆ ಅದೇ ವಸಾಯಿಯಲ್ಲಿ 1802ನೆಯ ಇಸವಿ ಡಿಸೆಂಬರ್ 31ರಂದು ಆದ ಒಪ್ಪಂದದ ಕಾಗದದಲ್ಲಿ ಧಾರವಾಡ ಸೀಮೆಯ ಸವಣೂರು, ಬಂಕಾಪುರಗಳ ಹೆಸರು ಬರುತ್ತದೆಂಬುದು ನಮ್ಮಲ್ಲಿ ಬಹಳ ಮಂದಿಗೆ ತಿಳಿಯದು. ಸವಣೂರಿಗೂ ವಸಾಯಿಗೂ ಏನು ಸಂಬಂಧ? ಅದನ್ನು ತಿಳಿದರೆ ನಮ್ಮ ಸೀಮೆ ಯಾವ ಲೆಕ್ಕದಲ್ಲಿ ತುಂಡು ತುಂಡಾಯಿತೆಂಬುದೂ ತಿಳಿಯುತ್ತದೆ.

ಎರಡನೆಯ ಬಾಜಿರಾಯನು ಪುಣೆಯ ಪೇಶ್ವೆಯಾಗಿದ್ದ ಕಾಲ. 1802ರ ಅಕ್ಟೋಬರ್ 25ರಂದು ಯಶವಂತರಾವ್ ಹೋಳ್ಕರನು ಹಡಪಸರದ ಬಳಿ ಪೇಶ್ವೆಯ ದಂಡನ್ನು ಮುರಿದನು. ಬಾಜಿರಾಯನು ಪುಣೆ ಬಿಟ್ಟು ಕೊಂಕಣಕ್ಕೆ ಇಳಿದು, ಸಮುದ್ರಮಾರ್ಗವಾಗಿ ವಸಾಯಿಗೆ ಬಂದು ಇಂಗ್ಲಿಷ್ ಕಂಪನಿಯವರ ಆಶ್ರಯ ಬೇಡಿದನು. ಆಶ್ರಯವೇನೋ ಸಿಕ್ಕಿತು. ಆರು ಸಾವಿರಕ್ಕೆ ಕಡಿಮೆಯಿಲ್ಲದ ಕಂಪನಿಯ ಕಾಲಾಳು ಪೇಶ್ವೆಯ ರಾಜ್ಯದಲ್ಲಿ ಕಾಯಂ ಆಗಿ ನಿಲ್ಲತಕ್ಕದ್ದು. ಅದರ ಖರ್ಚಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಸೀಮೆಯನ್ನು ಪೇಶ್ವೆ ಬಿಟ್ಟುಕೊಡತಕ್ಕದ್ದು. ಕಂಪನಿಯನ್ನು ಕೇಳದೆ ಬೇರೆ ಯಾವ ರಾಜ್ಯದೊಡನೆಯೂ ಮಾತುಕತೆ ನಡೆಸಕೂಡದು. ಹಾಗೆ ಬಿಟ್ಟುಕೊಟ್ಟ ಸೀಮೆಯ ಪಟ್ಟಿಯಲ್ಲಿಯೇ ಸವಣೂರು, ಬಂಕಾಪುರ ಸೇರಿದ್ದುವು. ಮರುವರ್ಷ ಕಂಪನಿಯವರು ಅವನ್ನು ಪೇಶ್ವೆಗೆ ಹಿಂದಿರುಗಿಸಿ, ಬದಲಿಗೆ ಬುಂದೇಲಖಂಡದಲ್ಲಿ ಭೂಮಿ ತೆಗೆದುಕೊಂಡರು. ಅಲ್ಲಿನ ರೈತನನ್ನು ಕೊಡುವಾಗ ಕೇಳಿದವರಿಲ್ಲ, ಹಿಂದಿರುಗಿಸುವಾಗಲೂ ಇಲ್ಲ.

ಇದಕ್ಕೆ ಸಹಾಯಕ ಸೈನ್ಯ ಪದ್ಧತಿ ಎಂದು ಶಾಲೆಯ ಪುಸ್ತಕಗಳಲ್ಲಿ ಹೆಸರು. ಗವರ್ನರ್ ಜನರಲ್ ವೆಲ್ಲೆಸ್ಲಿಯು ಇದನ್ನು ಊರೂರಿಗೆ ಹರಡಿದನೆಂದು ಓದಿ ಪರೀಕ್ಷೆಯಲ್ಲಿ ಬರೆದು ಮರೆತಿದ್ದೇವೆ. ಲೆಕ್ಕ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಒಪ್ಪಂದಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಸೈನ್ಯದ ಕಲಮಲ್ಲ, ಹಣದ ಕಲಮು. ಸೈನ್ಯ ಬಂದದ್ದು ಒಂದು ಸಲ. ಅದರ ಬಾಡಿಗೆ ತಿಂಗಳು ತಿಂಗಳೂ ಬರುವಂಥದು. ರಾಜ್ಯಗಳ ಖಜಾನೆ, ನೆಲ, ಉಪ್ಪು, ಅಂಚೆ ಎಲ್ಲವೂ ಒಂದೊಂದಾಗಿ ದೊಡ್ಡವನ ಕೈಗೆ ಹೋದದ್ದು ಆ ಬಾಡಿಗೆಯ ಬಾಗಿಲಿನಿಂದಲೇ. ಗಿರಣಿಯ ಹಳೆಯ ಕಾಲ ಕಂಡವರಿಗೆ ಇದು ಹೊಸ ಮಾತಲ್ಲ. ಜಾಬರನು ಕೆಲಸ ಕೊಡಿಸಿ, ಅದಕ್ಕೆ ದಸ್ತೂರಿ ಹಿಡಿದು, ದಸ್ತೂರಿ ಕೊಡಲು ತಾನೇ ಸಾಲವನ್ನೂ ಕೊಟ್ಟು, ಪಗಾರದ ದಿನ ಬಾಗಿಲಲ್ಲಿ ನಿಲ್ಲುತ್ತಿದ್ದನಷ್ಟೆ.

ಮೈಸೂರಿನ ವಿಷಯ ನೋಡೋಣ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಜುಲೈ ತಿಂಗಳಲ್ಲಿ ಆದ ಒಪ್ಪಂದದಂತೆ ಮೈಸೂರು ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ ಸುಮಾರು ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಹನ್ನೆರಡು ಕಂತುಗಳಲ್ಲಿ ಕಂಪನಿಗೆ ಕೊಡಬೇಕು. ಇದಕ್ಕೆ ಪೊಗದಿ ಎಂದು ಹೆಸರಾಯಿತು. ಯುದ್ಧ ಬಂದರೆ ಹೆಚ್ಚಿನ ಖರ್ಚಿಗೂ ಪಾಲು ಕೊಡಬೇಕು. 1807ರಲ್ಲಿ ಆ ಪಾಲಿನ ಬದಲು 4,000 ಕುದುರೆ ಸವಾರರನ್ನು ಸದಾ ಸಿದ್ಧವಾಗಿಡಬೇಕೆಂದು ಗೊತ್ತಾಯಿತು.

ಈ ಒಪ್ಪಂದದ ನಾಲ್ಕನೆಯ ಕಲಮನ್ನು ಓದುಗರು ಚೆನ್ನಾಗಿ ಗಮನಿಸಬೇಕು. ಪೊಗದಿ ಬಾಕಿ ಬಿದ್ದರೆ ರಾಜ್ಯದ ಆಡಳಿತಕ್ಕೆ ಕೈ ಹಾಕಬಹುದು ಎಂದು ಮಾತ್ರ ಅಲ್ಲಿ ಬರೆದಿದ್ದರೆ ಅದು ಒಂದು ನ್ಯಾಯವೆನ್ನಬಹುದಾಗಿತ್ತು. ಅಲ್ಲಿರುವುದು ಬೇರೆ. ಬಾಕಿ ಬೀಳಬಹುದೆಂಬ ಭಯಕ್ಕೆ ಕಾರಣವುಂಟೆಂದು ಗವರ್ನರ್ ಜನರಲ್ಲಿಗೆ ತೋರಿದರೆ ಸಾಕು, ಅವನು ತನ್ನ ಕಾಯಿದೆಗಳನ್ನು ಅಲ್ಲಿ ಜಾರಿ ಮಾಡಬಹುದು, ಇಲ್ಲವೆ ಸೀಮೆಯನ್ನೇ ತನ್ನ ವಶಕ್ಕೆ ತೆಗೆದುಕೊಳ್ಳಬಹುದು. ಭಯಪಡುವವನೂ ಅವನೇ, ತೀರ್ಪು ಹೇಳುವವನೂ ಅವನೇ. ಹಾಗೆ ತೆಗೆದುಕೊಂಡಲ್ಲಿ ಮಹಾರಾಜರಿಗೆ ಒಂದು ಲಕ್ಷ ವರಹವೂ ನಿವ್ವಳ ಹುಟ್ಟುವಳಿಯ ಐದನೆಯ ಒಂದು ಪಾಲೂ ಸಲ್ಲಬೇಕೆಂದು ಐದನೆಯ ಕಲಮು. ತೆಗೆದುಕೊಳ್ಳುವ ದಿನಕ್ಕೆ ಬೇಕಾದ ಲೆಕ್ಕವನ್ನು ಪಟ್ಟ ಕಟ್ಟಿದ ದಿನವೇ ಬರೆದಿಟ್ಟಿದ್ದರು! ಮೂವತ್ತೆರಡು ವರ್ಷಗಳ ತರುವಾಯ, ನಗರದ ರೈತರು ದಂಗೆಯೆದ್ದಾಗ, 1831ರಲ್ಲಿ ಬೆಂಟಿಂಕನು ಆ ಕಲಮನ್ನು ಹಿಡಿದು ರಾಜ್ಯವನ್ನು ವಹಿಸಿಕೊಂಡನು. ಮೈಸೂರು ಮತ್ತೆ ಒಡೆಯರ ಕೈಗೆ ಬಂದದ್ದು 1881ರ ಮಾರ್ಚ್ 25ರಂದು. ಐವತ್ತು ವರ್ಷ ಕಮಿಷನರುಗಳ ಆಳ್ವಿಕೆಯಾಯಿತು.

ಮೈಸೂರು ಹಣದಲ್ಲಿ ಕೊಟ್ಟಿತು. ಹೈದರಾಬಾದಿನ ನಿಜಾಮನು ಮೊದಲು ಹಣದಲ್ಲಿಯೂ ಆಮೇಲೆ ನೆಲದಲ್ಲಿಯೂ ಕೊಟ್ಟನು. 1798ರ ಒಪ್ಪಂದದಂತೆ ಅವನು ತನ್ನ ಚಾಕರಿಯಲ್ಲಿದ್ದ ಫ್ರೆಂಚ್ ಸರದಾರರ ದಂಡನ್ನು ಒಡೆದು, ಕಂಪನಿಯ ಸೈನ್ಯಕ್ಕೆ ವರ್ಷಕ್ಕೆ 24,17,100 ರೂಪಾಯಿ ಕೊಡಲು ಒಪ್ಪಿದನು. ಎರಡು ವರ್ಷ ಕಳೆಯುವಷ್ಟರಲ್ಲಿ, 1800ರ ಅಕ್ಟೋಬರಿನಲ್ಲಿ, ನಗದಿನ ಬದಲು ಸೀಮೆಯನ್ನೇ ಕೊಡುವುದೆಂದಾಯಿತು. ಯಾವ ಸೀಮೆ? 1792ರಲ್ಲಿಯೂ 1799ರಲ್ಲಿಯೂ ಕಂಪನಿಯ ಜೊತೆಗೂಡಿ ಯುದ್ಧ ಮಾಡಿ ಮೈಸೂರಿನಿಂದ ಅವನು ಪಡೆದಿದ್ದ ಸೀಮೆ: ಬಳ್ಳಾರಿ, ಅನಂತಪುರ, ಕಡಪ. ಹೀಗೆ ಗೆದ್ದ ಪಾಲನ್ನೆಲ್ಲ ಗೆಲ್ಲಿಸಿದವನಿಗೇ ಒಪ್ಪಿಸಿದಂತಾಯಿತು. ಅದನ್ನು ದತ್ತಮಂಡಲವೆಂದು ಕರೆದರು. ಥಾಮಸ್ ಮನ್ರೋ ಅಲ್ಲಿಗೆ ಕಲೆಕ್ಟರನಾಗಿ ಬಂದನು. ಬಳ್ಳಾರಿಯ ಕನ್ನಡಿಗರು ಮದರಾಸು ಆಧಿಪತ್ಯಕ್ಕೆ ಸೇರಿದ್ದು ಈ ದಾರಿಯಲ್ಲಿ.

ರಾಯಚೂರಿನ ಕಥೆಯೂ ಇದೇ ಜಾತಿಯದು. ಸಹಾಯಕ ಸೈನ್ಯ ಇದ್ದುದಲ್ಲದೆ, ಇಂಗ್ಲಿಷ್ ಸರದಾರರ ಕೈಕೆಳಗೆ ಹೈದರಾಬಾದ್ ಕಂಟಿಂಜೆಂಟ್ ಎಂಬ ಇನ್ನೊಂದು ದಂಡು ಬೆಳೆಯಿತು. ಅದರ ಸಂಬಳವೂ ನಿಜಾಮನ ತಲೆಯ ಮೇಲೆಯೇ. ಬಾಕಿ ಏರಿತು. 1853ರಲ್ಲಿ ಡಾಲ್‌ಹೌಸಿಯ ಕಾಲದಲ್ಲಿ ಬೇರಾರ್, ಧಾರಾಶಿವ, ರಾಯಚೂರು ದೋಆಬ್ ಮೂರನ್ನೂ ಆ ಬಾಕಿಗಾಗಿ ಕಂಪನಿಯ ವಶಕ್ಕೆ ಕೊಡಬೇಕಾಯಿತು. ರಾಯಚೂರು, ಧಾರಾಶಿವಗಳು 1860ರಲ್ಲಿ ಹಿಂದಿರುಗಿದುವು. ಹತ್ತಿ ಬೆಳೆಯುವ ಬೇರಾರು ಹಿಂದಿರುಗಲಿಲ್ಲ. ಹತ್ತಿಯ ಬೆಲೆ ಬಲ್ಲ ಮುಂಬಯಿಯವರಿಗೆ ಇದರ ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ. ಒಬ್ಬನ ರಕ್ಷಣೆಗೆಂದು ಇಟ್ಟ ಸೈನ್ಯ ಅವನ ನೆರೆಯವನ ಮೇಲೆ ಹೋಗಲು ಬೇಗ ಕೆಲಸಕ್ಕೆ ಬಂತು. ಬಾಜಿರಾಯನನ್ನು ಪುಣೆಯ ಗಾದಿಯ ಮೇಲೆ ಮತ್ತೆ ಕೂರಿಸಲು ಆರ್ಥರ್ ವೆಲ್ಲೆಸ್ಲಿಯು 1803ರ ಮಾರ್ಚಿನಲ್ಲಿ ದಂಡಿನೊಡನೆ ಹೊರಟದ್ದು ತುಂಗಭದ್ರೆಯ ದಡದ ಹರಿಹರದಿಂದ. ಮೈಸೂರಿನ ಕುದುರೆ ದಂಡೂ ಅವನ ಸಂಗಡವಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅಸ್ಸಾಯೆಯಲ್ಲಿ ಶಿಂಧೆ, ಭೋಸಲೆಯರ ವಿರುದ್ಧ ಮೈಸೂರಿನ ಸವಾರರು ಕಂಪನಿಯ ಪಕ್ಷದಲ್ಲಿ ನಿಂತರು. ಮುಂದೆ 1918ರ ಸೆಪ್ಟೆಂಬರ್ 23ರಂದು ಸಾವಿರಾರು ಮೈಲು ಆಚೆ, ಪ್ಯಾಲೆಸ್ತೀನಿನ ಹೈಫಾದಲ್ಲಿ, ಜೋಧಪುರದ ಸವಾರರೊಡನೆ ಮೈಸೂರು ಲ್ಯಾನ್ಸರುಗಳು ಭರ್ಜಿ ಹಿಡಿದು ನುಗ್ಗಿ ಊರನ್ನು ಗೆದ್ದರು. ಅವರ ಶೌರ್ಯವನ್ನು ಯಾರೂ ಅಲ್ಲಗಳೆಯಲಾರರು. ತುರ್ಕರೊಡನೆ ಮೈಸೂರಿಗೆ ಯಾವ ಜಗಳವಿತ್ತೆಂಬುದು ಬೇರೆ ಪ್ರಶ್ನೆ.

ಸೈನ್ಯದ ಹಿಂದೆಯೇ ವ್ಯಾಪಾರ ಬಂತು. 1802ರಲ್ಲಿ ನಿಜಾಮನೊಡನೆ ಕಂಪನಿಯು ಬೇರೆ ವಾಣಿಜ್ಯ ಒಪ್ಪಂದ ಮಾಡಿಕೊಂಡು, ಇಬ್ಬರ ಸೀಮೆಗಳ ನಡುವೆ ಸಾಗುವ ಸರಕಿಗೆ ನೂರಕ್ಕೆ 5ರ ಸುಂಕ ಗೊತ್ತು ಮಾಡಿತು. 1881ರಲ್ಲಿ ಮೈಸೂರನ್ನು ಹಿಂದಕ್ಕೆ ಕೊಡುವಾಗ ಬರೆದ ಕರಾರು ಇದಕ್ಕಿಂತ ಎಷ್ಟೋ ಉದ್ದ. ಮೈಸೂರಿಗೆ ತನ್ನದೇ ನಾಣ್ಯವಿಲ್ಲ. ಹೊಸ ಕೋಟೆ ಕಟ್ಟಕೂಡದು, ಹಳೆಯದನ್ನು ರಿಪೇರಿ ಮಾಡಕೂಡದು. ಉಪ್ಪು, ಅಫೀಮುಗಳ ವಿಷಯದಲ್ಲಿ ಇಂಗ್ಲಿಷರ ಕಟ್ಟಳೆಯೇ ಕಟ್ಟಳೆ. ರೈಲುದಾರಿ ಹಾಯ್ದ ನೆಲದ ಮೇಲೆ ಅಧಿಕಾರವೂ ಅವರದೇ. ದಂಡಿನ ಬೆಂಗಳೂರನ್ನು ಬೇರೆ ಮಾಡಿ ಇಟ್ಟುಕೊಂಡರು. ಮೈಸೂರಿನ ಹೆಸರಾಂತ ಅಂಚೆಯು 1889ರಲ್ಲಿ ಇಂಗ್ಲಿಷರ ಅಂಚೆಯೊಳಗೆ ಸೇರಿ ಹೋಯಿತು. ಪೊಗದಿಯನ್ನು 35 ಲಕ್ಷ ರೂಪಾಯಿಗೆ ಏರಿಸಿದರು. ಬರದಿಂದ ಸೊರಗಿದ ರಾಜ್ಯವೆಂದು ಏರಿಕೆಯನ್ನು ಕೆಲವು ಕಾಲ ಮುಂದಕ್ಕೆ ಹಾಕಿ, 1896ರಿಂದ ಪೂರ್ತಿ ವಸೂಲಿ ಮಾಡಿದರು.

ಇದರಿಂದ ಏನೂ ಒಳಿತಾಗಲಿಲ್ಲವೆಂದರೆ ಅದು ಪೂರ್ತಿ ಸತ್ಯವಲ್ಲ. ಗಡಿಯ ಯುದ್ಧಗಳು ನಿಂತುವು. ದೊಡ್ಡ ಸೈನ್ಯ ಸಾಕುವ ಚಿಂತೆಯಿಲ್ಲದ ಮೈಸೂರು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿಸಿತು. ಕನ್ನಂಬಾಡಿ ಕಟ್ಟೆ ಕಟ್ಟಿತು. ಆದರೆ ಬಳ್ಳಾರಿಯ ಜನರನ್ನು ಹತ್ತಿರದಿಂದ ಕಂಡ ಮನ್ರೋನೇ 1817ರಲ್ಲಿ ಗವರ್ನರ್ ಜನರಲ್ಲಿಗೆ ಬರೆದ ಪತ್ರದಲ್ಲಿ ಈ ಪದ್ಧತಿಯನ್ನು ಖಂಡಿಸಿದ್ದಾನೆ. ಹೊರಗಿನ ಸೈನ್ಯದ ಬೆಂಬಲವಿದ್ದ ಅರಸನಿಗೆ ಪ್ರಜೆಗಳ ಭಯವಿರದು. ಅವನ ಆಡಳಿತ ದುರ್ಬಲವೂ ಆಗುತ್ತದೆ, ಕ್ರೂರವೂ ಆಗುತ್ತದೆ, ಪ್ರಜೆಗಳು ಬಡವಾಗುತ್ತಾರೆ ಎಂಬುದು ಅವನ ಅಭಿಪ್ರಾಯದ ಸಾರ. ಪದ್ಧತಿಯ ಲಾಭ ಪಡೆದವರ ಕಡೆಯಿಂದಲೇ ಬಂದ ಮಾತಾದುದರಿಂದ ಅದಕ್ಕೆ ಹೆಚ್ಚು ಬೆಲೆ.

ದೊಡ್ಡ ರಾಜ್ಯವೊಂದು ನೆರೆಯ ಚಿಕ್ಕ ರಾಜ್ಯಗಳನ್ನು ಹಣದಲ್ಲಿಯೂ ದಂಡಿನಲ್ಲಿಯೂ ತನಗೆ ಹೊಂದಿಸಿಕೊಳ್ಳುವುದು ಹಿಂದೂಸ್ಥಾನದಲ್ಲಿ ಮಾತ್ರ ಕಂಡದ್ದಲ್ಲ. ಜರ್ಮನಿಯಲ್ಲಿ ಮೊದಲು ಬಂದದ್ದು ಸುಂಕ. 1834ರಲ್ಲಿ ಪ್ರಷ್ಯದ ಮುಂದಾಳುತನದಲ್ಲಿ ಸುಂಕದ ಕೂಟವಾಯಿತು, 1871ರಲ್ಲಿ ಸಾಮ್ರಾಜ್ಯವೇ ಆಯಿತು. ಪೂರ್ವ ಯೂರೋಪಿನಲ್ಲಿ ಸೋವಿಯತ್ ದೇಶವು 1949ರಲ್ಲಿ ಆರ್ಥಿಕ ಕೂಟವನ್ನೂ 1955ರಲ್ಲಿ ವಾರ್ಸಾ ಸೈನಿಕ ಕೂಟವನ್ನೂ ಕಟ್ಟಿತು. ಎರಡೂ 1991ರಲ್ಲಿ ಮುಗಿದುವು. ಆ ಬಳಿಕ ರಷ್ಯವು ಕೆಲವು ನೆರೆಯವರೊಡನೆ ಒಂದು ಸೈನಿಕ ಒಪ್ಪಂದವನ್ನೂ, 2015ರಿಂದ ಒಂದು ಆರ್ಥಿಕ ಒಕ್ಕೂಟವನ್ನೂ ನಡೆಸಿತು. ಕಷ್ಟಕಾಲದಲ್ಲಿ ಕೇಳಿದ ಸಹಾಯ ಬರಲಿಲ್ಲವೆಂದು ಆರ್ಮೇನಿಯವು 2024ರಲ್ಲಿ ಸೈನಿಕ ಕೂಟದಿಂದ ದೂರ ಸರಿದು ನಿಂತಿತು. ಹಾಗೆ ಸರಿದು ನಿಲ್ಲುವ ಬಾಗಿಲು ಮೈಸೂರಿಗಾಗಲಿ ಹೈದರಾಬಾದಿಗಾಗಲಿ ಇರಲಿಲ್ಲ. ಪೇಶ್ವೆಯು 1817ರಲ್ಲಿ ತಿರುಗಿ ಬಿದ್ದು ನೋಡಿದನು. ಮರುವರ್ಷ ಗಾದಿಯನ್ನೇ ಕಳೆದುಕೊಂಡನು.

ಮೈಸೂರಿನ ಪೊಗದಿಯಲ್ಲಿ ಹತ್ತೂವರೆ ಲಕ್ಷ ರೂಪಾಯಿಗಳನ್ನು ಇಳಿಸಿದ್ದು 1928ರಲ್ಲಿ. ದಂಡಿನ ಬೆಂಗಳೂರು ಮೈಸೂರಿಗೆ ಹಿಂದಿರುಗಿದ್ದು 1947ರಲ್ಲಿ. ಪೇಟೆಗೂ ದಂಡಿಗೂ ಒಂದೇ ಪೌರಸಭೆಯಾದದ್ದು 1949ರಲ್ಲಿ. 1800ರಲ್ಲಿ ಸೈನ್ಯದ ಬಾಡಿಗೆಗೆ ಹೋದ ಬಳ್ಳಾರಿ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಮಾತ್ರ ಅದರ ಜೊತೆಯಲ್ಲಿ ಬರಲಿಲ್ಲ. ಅವು ಆಂಧ್ರಕ್ಕೆ ಸೇರಿದುವು.