ಬೆದರಿದ ಕುದುರೆಯೂ ಲಗಾಮು ಹಿಡಿದ ಕೈಯೂ

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಮುಂಬಯಿಯಿಂದ ಮಾಥೇರಾನ್ ಬೆಟ್ಟಕ್ಕೆ ಹೋಗಿದ್ದೆವು. ಪ್ರವಾಸಿಗರ ಮೋಟಾರುಗಳು ದಸ್ತೂರಿ ನಾಕೆಯಲ್ಲಿಯೇ ನಿಲ್ಲತಕ್ಕದ್ದು. ಅಲ್ಲಿಂದ ಮುಂದೆ ಬಾಡಿಗೆಯ ಕುದುರೆಯನ್ನೇರಿ ಸಾಗುವವರು ಬಹು ಮಂದಿ. ನಾವೂ ಏರಿದೆವು. ಕೆಮ್ಮಣ್ಣಿನ ದಾರಿಯಲ್ಲಿ ಅರ್ಧ ಮೈಲಿ ಕಳೆದಿರಲಿಲ್ಲ, ಪೊದೆಯೊಳಗಿಂದ ಪ್ಲಾಸ್ಟಿಕ್ ಚೀಲವೊಂದು ಗಾಳಿಗೆ ಹಾರಿ ಬಂದಿತು. ಕುದುರೆಯು ಕಿವಿ ನಿಮಿರಿಸಿ, ಹೊಳ್ಳೆಗಳನ್ನರಳಿಸಿ, ಥಟ್ಟನೆ ಪಕ್ಕಕ್ಕೆ ಸರಿಯಿತು. ಆ ಮಗ್ಗುಲಿಗೆ ಕಣಿವೆ. ನಾವು ಪ್ರಾಣಭಯದಿಂದ ಲಗಾಮನ್ನು ಬಿಗಿದೆವು. ಅದು ಮತ್ತಷ್ಟು ಕುಣಿಯಿತು. ಕುದುರೆಯವನು ಅವಸರವಿಲ್ಲದೆ ಬಂದು, “ಮೊದಲು ತಾವು ಉಸಿರು ಬಿಡಿ, ಸಾಹೇಬರೆ” ಎಂದನು.

ಆಗ ಅದು ನಮಗೆ ಪರಿಹಾಸ್ಯವಾಗಿ ಕಂಡಿತು. ತರುವಾಯ ಓದಿ ತಿಳಿದುಕೊಂಡಾಗ ಅವನ ಮಾತು ಶಾಸ್ತ್ರಸಮ್ಮತವೆಂದು ಮನವರಿಕೆಯಾಯಿತು.

ಕುದುರೆಯು ಮೂಲತಃ ಹುಲ್ಲುಗಾವಲಿನ ಪ್ರಾಣಿ. ಓಟವೇ ಅದರ ಆತ್ಮರಕ್ಷಣೆ. ಮೊದಲು ಓಡುವುದು, ವಿಚಾರವೇನಿದ್ದರೂ ಆಮೇಲೆ. ಕಣ್ಣುಗಳು ತಲೆಯ ಇಕ್ಕೆಲಗಳಲ್ಲಿರುವುದರಿಂದ ಸುತ್ತಲಿನ ಬಹುಭಾಗವು ಅದಕ್ಕೆ ಕಾಣುತ್ತದೆ. ಆದರೆ ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ ಕುರುಡು ತಾಣಗಳುಂಟು. ಅಲ್ಲಿಂದ ಹಠಾತ್ತನೆ ಮುಂದೊಡ್ಡಿದ ಕೈಗೆ, ಅದು ಪ್ರೀತಿಯ ಕೈಯೇ ಆಗಿರಲಿ, ಕುದುರೆ ಬೆಚ್ಚುತ್ತದೆ. ಆದುದರಿಂದ ಬಲ್ಲವರು ಮೆಲ್ಲನೆ ಮಾತನಾಡುತ್ತ ಭುಜದ ಕಡೆಯಿಂದ ಸಮೀಪಿಸುತ್ತಾರೆ.

ಸ್ವೀಡನ್ ದೇಶದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವು ಬಹು ಸ್ವಾರಸ್ಯಕರವಾದುದು. ಜನರು ಕುದುರೆಗಳನ್ನು ಒಂದೇ ಹಾದಿಯಲ್ಲಿ ಹಲವು ಸಲ ನಡೆಸಿದರು. ಕಡೆಯ ಸಲ ಹೊರಡುವ ಮುನ್ನ, ದಾರಿಯಲ್ಲಿ ಫಕ್ಕನೆ ಕೊಡೆ ಬಿಚ್ಚಲಾಗುವುದೆಂದು ಅವರಿಗೆ ಹೇಳಲಾಯಿತು. ಕೊಡೆಯನ್ನು ಯಾರೂ ಬಿಚ್ಚಲಿಲ್ಲ. ಆದರೂ ಅವರ ಎದೆಬಡಿತ ಏರಿತು; ಏನನ್ನೂ ಅರಿಯದ ಕುದುರೆಗಳ ಎದೆಬಡಿತವೂ ಏರಿತು! ಮನುಷ್ಯನ ಭಯವು ಹಗ್ಗದ ಮೂಲಕ ಹರಿಯಿತೋ, ಹೆಜ್ಜೆಯ ಮೂಲಕವೋ, ಅಂತೂ ಕುದುರೆಗೆ ತಲುಪಿತು.

ಮಾಥೇರಾನಿನವನು ಮಾಡಿದ್ದಿಷ್ಟೆ. ಲಗಾಮನ್ನು ಸಡಿಲಿಸಿದನು. ಕುದುರೆಯನ್ನು ಓಡಗೊಡದೆ, ಚೀಲದ ಬಳಿಗೆ ಎಳೆಯಲೂ ಹೋಗದೆ, ದೂರದಿಂದಲೇ ಅದನ್ನು ದಿಟ್ಟಿಸಲು ಬಿಟ್ಟನು. ಕೊರಳು ಬೆನ್ನನ್ನು ಸೇರುವೆಡೆಯ ದಿಬ್ಬವನ್ನು ಬೆರಳುಗಳಿಂದ ನಿಧಾನವಾಗಿ ತುರಿಸತೊಡಗಿದನು. ಕುದುರೆಗಳು ಪರಸ್ಪರ ಹಲ್ಲಿನಿಂದ ತುರಿಸಿಕೊಳ್ಳುವ ಜಾಗವದು. ಅಲ್ಲಿ ತುರಿಸಿದರೆ ಎದೆಬಡಿತ ಇಳಿಯುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಎರಡು ನಿಮಿಷದೊಳಗೆ ತಲೆ ತಗ್ಗಿತು. ಒಂದು ದೀರ್ಘ ಶ್ವಾಸ ಹೊರಬಿದ್ದಿತು. ಚಾವಟಿಯಿಂದ ಇದು ಆಗುತ್ತಿರಲಿಲ್ಲ. ಹೊಡೆದರೆ ಚೀಲದ ಭಯದೊಡನೆ ಏಟಿನ ಭಯವೂ ಕೂಡಿ, ಮುಂದಿನ ಚೀಲಕ್ಕೆ ಅದು ಇಮ್ಮಡಿ ಬೆದರುವುದು. ರೇಗುವ ಗಿರಾಕಿಯ ಮುಂದೆ ಕೈ ನಡುಗದಂತೆ ನಾಲ್ಕು ಲೋಟ ಚಹಾ ಇಡಬಲ್ಲ ನಮ್ಮ ಹೋಟೆಲ್ ಬಂಧುಗಳಿಗೆ ಈ ವಿದ್ಯೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸದ್ದಿನ ಭಯಕ್ಕೆ ಮದ್ದು ಇನ್ನೂ ನಿಧಾನದ್ದು. ಮೈಸೂರಿನ ದಸರಾ ಕಂಡವರಿಗೆ ವಿಜಯದಶಮಿಯ 21 ಕುಶಾಲತೋಪುಗಳ ನೆನಪಿರಬಹುದು. ಅಷ್ಟು ಜನಸಂದಣಿಯ ನಡುವೆ ಒಂದು ಕುದುರೆ ಹುಚ್ಚೆದ್ದು ಓಡಿದರೆ ಮಕ್ಕಳು ಮುದುಕರ ಗತಿಯೇನು? ಅದಕ್ಕಾಗಿ ಹಬ್ಬಕ್ಕೆ ಮುನ್ನವೇ ಬೇರೆ ಬೇರೆ ದಿನಗಳಲ್ಲಿ ಫಿರಂಗಿ ಸಿಡಿಸಿ, ಆನೆಗಳಿಗೂ ಅಶ್ವಾರೋಹಿ ಪೊಲೀಸರ ಕುದುರೆಗಳಿಗೂ ಆ ಸದ್ದನ್ನು ರೂಢಿ ಮಾಡಿಸುತ್ತಾರೆ. ಹೊಸ ಕುದುರೆಗೆ ಪಕ್ಕದಲ್ಲಿ ಪಳಗಿದ ಹಳೆಯ ಕುದುರೆಯೊಂದು ನಿಂತಿದ್ದರೆ ಅದಕ್ಕಿಂತ ದೊಡ್ಡ ಧೈರ್ಯ ಬೇರಿಲ್ಲ. ಜೊತೆಯದು ಮೇವು ಮೆಲ್ಲುತ್ತಿದ್ದರೆ ಇದೂ ಬಾಯಿ ಹಾಕುತ್ತದೆ.

ಸಂಜೆ ಮರಳುವಾಗ ನಮಗೆ ಅದೇ ಕುದುರೆ ಸಿಕ್ಕಿತು. ಚೀಲವು ಅದೇ ತಿರುವಿನ ಪೊದೆಗೆ ಸಿಕ್ಕಿ ಪಟಪಟಿಸುತ್ತಿತ್ತು. ಕುದುರೆಯು ಒಂದು ಕಿವಿಯನ್ನು ಅತ್ತ ಹೊರಳಿಸಿ ತನ್ನ ಪಾಡಿಗೆ ನಡೆಯಿತು. ನಾವು ಮಾತ್ರ ಆ ತಿರುವನ್ನು ಕೆಳಗಿಳಿದು, ನಡೆದೇ ದಾಟಿದೆವು.