ಯುದ್ಧಕಾಲದ ವೈಮಾನಿಕರ ಸೇವಾಲೇಖಗಳು

ಮನೆಯ ಹಿರಿಯರೊಬ್ಬರು ಕಾಲವಾದ ಬಳಿಕ ಅವರ ಪೆಟ್ಟಿಗೆಯನ್ನು ತೆರೆದಾಗ ರೆಕ್ಕೆಯ ಗುರುತುಳ್ಳ ಬಟ್ಟೆಯ ಬಿಲ್ಲೆಯೊಂದೋ, ಸಮವಸ್ತ್ರ ಧರಿಸಿದ ತರುಣನ ಮಾಸಿದ ಭಾವಚಿತ್ರವೊಂದೋ, ಅಂಕೆಗಳನ್ನು ಕೊರೆದ ಗುರುತಿನ ಬಿಲ್ಲೆಯೊಂದೋ ಕೈಗೆ ಸಿಕ್ಕುವುದುಂಟು. ೧೯೩೯ರಿಂದ ೧೯೪೫ರ ವರೆಗಿನ ಮಹಾಯುದ್ಧದಲ್ಲಿ ಅವರು ವಿಮಾನದಳದಲ್ಲಿದ್ದರೆಂಬುದು ಮಕ್ಕಳಿಗೆ ಗೊತ್ತು. ಎಲ್ಲಿದ್ದರು, ಏನು ಮಾಡಿದರು ಎಂಬುದು ಗೊತ್ತಿಲ್ಲ. ಅವರು ಹೇಳಲಿಲ್ಲ, ಇವರು ಕೇಳಲಿಲ್ಲ. ಕೇಳಬೇಕೆಂದು ಬುದ್ಧಿ ಬರುವ ಹೊತ್ತಿಗೆ ಉತ್ತರ ಹೇಳುವವರು ಇರುವುದಿಲ್ಲ. ಇಂಥ ಕುಟುಂಬಗಳಿಗೆ ಉಳಿದಿರುವ ಮಾರ್ಗವೆಂದರೆ ಸರಕಾರದ ದಫ್ತರವೊಂದೇ. ಆ ದಫ್ತರದ ಬಾಗಿಲನ್ನು ತಟ್ಟುವ ಬಗೆಯನ್ನೂ, ದೊರೆತ ಕಾಗದವನ್ನು ಓದುವ ಬಗೆಯನ್ನೂ ಕುರಿತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಬ್ರಿಟನ್ನಿನ ರಾಯಲ್ ಏರ್ ಫೋರ್ಸಿನಲ್ಲಿ ಸೇವೆ ಸಲ್ಲಿಸಿದವರ ಲೇಖಗಳು ಬಹುಕಾಲ ಆ ದೇಶದ ರಕ್ಷಣಾ ಖಾತೆಯ ವಶದಲ್ಲಿಯೇ ಇದ್ದವು. ೨೦೨೨ರಿಂದ ಆ ಖಾತೆಯು ಭೂ, ನೌಕಾ, ವಾಯು ಮೂರೂ ದಳಗಳಿಗೆ ಸೇರಿದ ಸುಮಾರು ೯೭ ಲಕ್ಷ ಸೇವಾಲೇಖಗಳನ್ನು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಕಂತುಕಂತಾಗಿ ಒಪ್ಪಿಸತೊಡಗಿತು. ಆದಕಾರಣ ಅರ್ಜಿ ಬರೆಯುವವರು ಬೇಕಾದ ಲೇಖವು ಪತ್ರಾಗಾರದ ಸೂಚಿಯಲ್ಲಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು. ಹುಟ್ಟಿ ೧೧೫ ವರ್ಷ ಕಳೆದವರ ಲೇಖವು ಎಲ್ಲರಿಗೂ ತೆರೆದದ್ದು. ಅದಕ್ಕಿಂತ ಈಚೆಗೆ ಹುಟ್ಟಿದವರದಾದರೆ ಆ ವ್ಯಕ್ತಿಯು ಜೀವಂತನಾಗಿರಬಹುದೆಂದು ಭಾವಿಸಿ ಮುಚ್ಚಿಡುವುದು ಅಲ್ಲಿಯ ಪದ್ಧತಿ. ಆದ್ದರಿಂದ ಅರ್ಜಿಯೊಡನೆ ಮರಣದ ಪ್ರಮಾಣಪತ್ರವನ್ನು ಲಗತ್ತಿಸುವುದು ಅವಶ್ಯ. ಜೀವಂತ ಮನುಷ್ಯನ ಖಾಸಗಿ ವಿಷಯವನ್ನು ಕಾಪಾಡುವ ಈ ನಿಯಮವನ್ನು ನಾವು ಆಕ್ಷೇಪಿಸಲಾರೆವು.

ಆದರೆ ನಮ್ಮ ದೇಶದವರು ಇದಕ್ಕೂ ಮೊದಲು ಉತ್ತರಿಸಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ಹಿರಿಯರು ಇದ್ದದ್ದು ಯಾವ ದಳದಲ್ಲಿ? ಭಾರತೀಯ ವಿಮಾನದಳವು ೧೯೩೨ರ ಅಕ್ಟೋಬರ್ ೮ರಂದು ಸ್ಥಾಪಿತವಾದ ಪ್ರತ್ಯೇಕ ದಳ. ಯುದ್ಧಾರಂಭದಲ್ಲಿ ಒಂದೇ ಸ್ಕ್ವಾಡ್ರನ್ ಇದ್ದದ್ದು ಯುದ್ಧಾಂತ್ಯಕ್ಕೆ ಒಂಬತ್ತಾಯಿತು. ೧೯೪೫ರಲ್ಲಿ ಅದಕ್ಕೆ ‘ರಾಯಲ್’ ಎಂಬ ವಿಶೇಷಣ ಅಂಟಿಕೊಂಡು, ನಾವು ಗಣರಾಜ್ಯವಾದ ೧೯೫೦ರಲ್ಲಿ ಕಳಚಿಹೋಯಿತು. ಹೀಗಾಗಿ ಕಾಗದದ ಮೇಲೆ ‘ರಾಯಲ್’ ಎಂದು ಕಂಡ ಮಾತ್ರಕ್ಕೆ ಲಂಡನ್ನಿಗೆ ಬರೆಯುವುದು ವ್ಯರ್ಥಪ್ರಯಾಸವಾದೀತು. ಭಾರತೀಯ ದಳದ ಸೈನಿಕರ ದಾಖಲೆ ಕಚೇರಿಯು ದಿಲ್ಲಿಯ ಸುಬ್ರತೋ ಪಾರ್ಕಿನಲ್ಲಿದೆ. ಎರಡೂ ಕಡೆ ಹುಡುಕಬೇಕಾದ ಸಂದರ್ಭಗಳೂ ಇಲ್ಲದಿಲ್ಲ. ೧೯೪೦ರಲ್ಲಿ ಬ್ರಿಟನ್ನಿಗೆ ಹೋದ ೨೪ ಮಂದಿ ಭಾರತೀಯ ವೈಮಾನಿಕರಲ್ಲಿ ಒಬ್ಬರಾದ ಮಹಿಂದರ್ ಸಿಂಗ್ ಪುಜ್ಜಿಯವರು ಮೊದಲು ಅಲ್ಲಿಯ ಸ್ಕ್ವಾಡ್ರನ್ನುಗಳಲ್ಲಿಯೂ ಅನಂತರ ಬರ್ಮಾ ರಣರಂಗದಲ್ಲಿ ಭಾರತೀಯ ಸ್ಕ್ವಾಡ್ರನ್ನುಗಳಲ್ಲಿಯೂ ಹಾರಿದವರು.

ಬೆಂಗಳೂರಿನ ಕಡೆಯವರು ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ವಾಲಚಂದ ಹೀರಾಚಂದರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ ೧೯೪೦ರ ಡಿಸೆಂಬರಿನಲ್ಲಿ ಸ್ಥಾಪಿಸಿದ ಹಿಂದುಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಯುದ್ಧದ ಉತ್ತರಾರ್ಧದಲ್ಲಿ ಅಮೇರಿಕದ ಸೇನಾ ವಿಮಾನಗಳ ದುರಸ್ತಿ ನಡೆಯಿತು. ಅಲ್ಲಿ ದುಡಿದವರು ‘ಯುದ್ಧದಲ್ಲಿ ವಿಮಾನದ ಕೆಲಸ ಮಾಡಿದೆ’ ಎಂದು ಮನೆಯಲ್ಲಿ ಹೇಳಿದ್ದರೆ ಅದು ಸತ್ಯವೇ. ಆದರೆ ಕಾರ್ಖಾನೆಯ ಕೆಲಸಗಾರರು ಸೈನಿಕರಲ್ಲ. ಅವರ ಹೆಸರನ್ನು ಯಾವ ದಳದ ಲೇಖದಲ್ಲಿ ಹುಡುಕಿದರೂ ದೊರೆಯದು. ದೊರೆಯಲಿಲ್ಲವೆಂದು ಹಿರಿಯರ ಮಾತನ್ನು ಸುಳ್ಳೆನ್ನುವುದು ಅನ್ಯಾಯ.

ಇನ್ನು ಹೆಸರಿನ ತೊಡಕು. ಊರು, ತಂದೆ, ಸ್ವಂತ ಹೆಸರು ಎಂಬ ಕ್ರಮದಲ್ಲಿ ಬರೆಯುವ ನಮ್ಮ ಹೆಸರುಗಳಲ್ಲಿ ಕುಲನಾಮವನ್ನು ಹುಡುಕುವ ಇಂಗ್ಲಿಷ್ ಗುಮಾಸ್ತನು ಎಲ್ಲಿ ಕತ್ತರಿಸುವನೆಂದು ಹೇಳಲಾಗದು. ಆದ್ದರಿಂದ ಸಾಧ್ಯವಿರುವ ಎಲ್ಲ ಕಾಗುಣಿತಗಳಲ್ಲಿ ಹುಡುಕಬೇಕು. ಹೆಸರಿಗಿಂತ ಹೆಚ್ಚು ನಂಬತಕ್ಕದ್ದು ಸೇವಾಸಂಖ್ಯೆ. ಅದು ಗುರುತಿನ ಬಿಲ್ಲೆಯ ಮೇಲೆ, ಹಳೆಯ ಪತ್ರದ ವಿಳಾಸದಲ್ಲಿ, ಬಿಡುಗಡೆಯ ಪುಸ್ತಕದಲ್ಲಿ ಸಿಕ್ಕೀತು. ಆದರೆ ಸಾಮಾನ್ಯ ಸೈನಿಕನಾಗಿ ಸೇರಿ ಮುಂದೆ ಅಧಿಕಾರಿಯಾದವನಿಗೆ ಹೊಸ ಸಂಖ್ಯೆಯನ್ನು ಕೊಡುತ್ತಿದ್ದರು. ಒಬ್ಬನಿಗೆ ಎರಡು ಸಂಖ್ಯೆಗಳಿದ್ದರೆ ಇಬ್ಬರೆಂದು ಭ್ರಮಿಸಬಾರದು. ಅಧಿಕಾರಿಯ ನೇಮಕವೂ ಬಡ್ತಿಯೂ ‘ಲಂಡನ್ ಗ್ಯಾಜೆಟ್’ ಎಂಬ ಸರಕಾರಿ ಪತ್ರದಲ್ಲಿ ಪ್ರಕಟವಾಗುತ್ತಿದ್ದುದರಿಂದ ಅಲ್ಲಿಯೂ ತಾಳೆ ನೋಡಬಹುದು.

ಅರ್ಜಿ ಫಲಿಸಿ ಲೇಖವು ಕೈಸೇರಿದಾಗ ಹಲವರಿಗೆ ಆಶಾಭಂಗವಾಗುತ್ತದೆ. ವೀರಗಾಥೆಯನ್ನು ನಿರೀಕ್ಷಿಸಿದವರ ಮುಂದೆ ಕಿರಿದಾದ ಅಕ್ಷರಗಳಲ್ಲಿ ತಾರೀಖುಗಳೂ ಸಂಕೇತಾಕ್ಷರಗಳೂ ತುಂಬಿದ ಒಂದೆರಡು ಹಾಳೆಗಳಿರುತ್ತವೆ. ಹುಟ್ಟಿದ ದಿನ, ಮೊದಲಿನ ಉದ್ಯೋಗ, ಹತ್ತಿರದ ಬಂಧು, ಧರ್ಮ, ದಳದಲ್ಲಿಯ ಕಸುಬು, ಬಡ್ತಿ, ನಡತೆ, ಪದಕ, ಮತ್ತು ಯಾವ ದಿನ ಯಾವ ಘಟಕಕ್ಕೆ ವರ್ಗವಾಯಿತೆಂಬ ಪಟ್ಟಿ: ಇಷ್ಟೇ. ಈ ಪಟ್ಟಿಯೇ ಲೇಖದ ಜೀವಾಳ. ‘ಎ.ಸಿ. ೨’ ಎಂದರೆ ಅತ್ಯಂತ ಕೆಳದರ್ಜೆಯ ಏರ್‌ಕ್ರಾಫ್ಟ್‌ಮನ್, ‘ಎಲ್.ಎ.ಸಿ.’ ಎಂದರೆ ಆ ದರ್ಜೆಗಳಲ್ಲಿ ಮೇಲಿನವನು, ‘ಓ.ಟಿ.ಯು.’ ಎಂದರೆ ಯುದ್ಧವಿಮಾನದಲ್ಲಿ ಕೊನೆಯ ಹಂತದ ತರಬೇತಿ ಕೊಡುವ ಘಟಕ, ‘ಎಚ್.ಸಿ.ಯು.’ ಎಂದರೆ ನಾಲ್ಕು ಎಂಜಿನ್ನುಗಳ ಭಾರಿ ವಿಮಾನಕ್ಕೆ ಒಗ್ಗಿಸುವ ಘಟಕ, ‘ಎಂ.ಯು.’ ಎಂದರೆ ಉಗ್ರಾಣ ಮತ್ತು ದುರಸ್ತಿಯ ಘಟಕ. ಇವುಗಳನ್ನು ಬಿಡಿಸಿ ಓದಿದರೆ ಒಣ ಪಟ್ಟಿಯಲ್ಲಿ ಒಬ್ಬ ತರುಣನ ಹಾದಿಯು ಕಾಣತೊಡಗುತ್ತದೆ. ಪದಕದ ಕಾಲಮು ಖಾಲಿಯಾಗಿದ್ದರೆ ಅಪಮಾನವೆಂದು ತಿಳಿಯಬೇಕಾಗಿಲ್ಲ. ಆ ಯುದ್ಧದ ಪದಕಗಳನ್ನು ಬ್ರಿಟನ್ನಿನಲ್ಲಿ ಬದುಕುಳಿದವರು ತಾವೇ ಕೇಳಿ ಪಡೆಯಬೇಕಾಗಿತ್ತು. ಕೇಳದೆ ಸುಮ್ಮನಿದ್ದವರು ಎಷ್ಟೋ ಮಂದಿ.

ಯಾವ ರಾತ್ರಿ ಯಾವ ವಿಮಾನದಲ್ಲಿ ಯಾರೊಡನೆ ಎಲ್ಲಿಗೆ ಹೋದನೆಂಬುದನ್ನು ಸೇವಾಲೇಖ ಹೇಳುವುದಿಲ್ಲ. ಅದಕ್ಕೆ ಸ್ಕ್ವಾಡ್ರನ್ನಿನ ಕಾರ್ಯಾಚರಣೆಯ ದಿನಚರಿಯನ್ನು ನೋಡಬೇಕು. ಇದರಲ್ಲಿ ಎರಡು ಭಾಗಗಳು: ೫೪೦ನೆಯ ನಮೂನೆಯಲ್ಲಿ ಆಯಾ ದಿನದ ವೃತ್ತಾಂತ, ೫೪೧ನೆಯ ನಮೂನೆಯಲ್ಲಿ ಪ್ರತಿಯೊಂದು ವಿಮಾನ, ಅದರ ಸಿಬ್ಬಂದಿ, ಏರಿದ ವೇಳೆ, ಇಳಿದ ವೇಳೆ, ನಡೆದ ಸಂಗತಿ. ಇವು ಕ್ಯೂ ಪತ್ರಾಗಾರದ ‘ಏರ್ ೨೭’ ಎಂಬ ವರ್ಗದಲ್ಲಿವೆ. ಸೇವಾಲೇಖದಿಂದ ಸ್ಕ್ವಾಡ್ರನ್ನನ್ನೂ ತಾರೀಖುಗಳನ್ನೂ ತಿಳಿದುಕೊಂಡು ಈ ದಿನಚರಿಯನ್ನು ತೆರೆಯುವುದೇ ಸರಿಯಾದ ಕ್ರಮ. ಇಳಿದ ವೇಳೆಯ ಜಾಗವು ಖಾಲಿಯಾಗಿರುವ ಸಾಲುಗಳನ್ನು ಓದುವಾಗ ಕೈ ನಡುಗದಿರದು. ಆ ವಿಮಾನವು ಮರಳಿ ಬರಲಿಲ್ಲವೆಂದೇ ಅದರ ಅರ್ಥ. ಹೀಗೆ ಹೋಗಿ ಸಮಾಧಿಯೂ ಇಲ್ಲದೆ ಮರೆಯಾದವರಲ್ಲಿ ೨೦,೦೦೦ಕ್ಕೂ ಹೆಚ್ಚು ಮಂದಿಯ ಹೆಸರುಗಳನ್ನು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿ ಕೆತ್ತಿದ್ದಾರೆ.

ಆ ಹೆಸರುಗಳಲ್ಲೊಂದು ನಮ್ಮ ನಾಡಿನ ಚರಿತ್ರೆಗೆ ತೊಡರಿಕೊಂಡಿದೆ. ತಂದೆಯ ಕಡೆಯಿಂದ ಟಿಪ್ಪು ಸುಲ್ತಾನನ ವಂಶಜೆಯಾದ ನೂರ್ ಇನಾಯತ್ ಖಾನ್ ೧೯೪೦ರ ನವೆಂಬರಿನಲ್ಲಿ ಬ್ರಿಟನ್ನಿನ ವಿಮಾನದಳದ ಮಹಿಳಾ ವಿಭಾಗವನ್ನು ಸೇರಿ ನಿಸ್ತಂತು ಕಲಿತರು. ಅವರ ವಿಷಯದ ಕಾಗದಗಳು ಸೇವಾಲೇಖವನ್ನು ಓದುವವನಿಗೆ ಒಂದು ಪಾಠಶಾಲೆಯಂತಿವೆ. ಹೆಸರು ‘ನೋರಾ’ ಎಂದಾಯಿತು. ತಂದೆಯ ಹೆಸರು ಕುಲನಾಮವಾಯಿತು. ಸೂಫಿ ಗುರುವಿನ ಮಗಳ ಧರ್ಮವು ಇಂಗ್ಲೆಂಡಿನ ಚರ್ಚು ಎಂದು ದಾಖಲಾಯಿತು. ಅಧಿಕಾರಿಯಾದಾಗ ೯೯೦೧ ಎಂಬ ಹೊಸ ಸಂಖ್ಯೆ ಬಂದಿತು. ಗುಪ್ತಕಾರ್ಯದ ತರಬೇತಿಯ ಮುಖ್ಯಸ್ಥನೊಬ್ಬನು ಈಕೆಗೆ ಬುದ್ಧಿಯ ಭಾರ ಹೆಚ್ಚಿಲ್ಲವೆಂದು ಷರಾ ಬರೆದನು. ಅದೇ ಮಹಿಳೆ ೧೯೪೩ರ ಜೂನಿನಲ್ಲಿ ಫ್ರಾನ್ಸಿಗೆ ಇಳಿದು, ಜೊತೆಯವರು ಒಬ್ಬೊಬ್ಬರಾಗಿ ಸೆರೆಸಿಕ್ಕ ಮೇಲೂ ಪ್ಯಾರಿಸ್ಸಿನಿಂದ ಸಂದೇಶಗಳನ್ನು ಕಳುಹಿಸುತ್ತಲೇ ಇದ್ದರು. ಅಕ್ಟೋಬರಿನಲ್ಲಿ ತಾವೂ ಸೆರೆಯಾಗಿ, ೧೯೪೪ರ ಸೆಪ್ಟೆಂಬರ್ ೧೩ರಂದು ಡಖಾವ್ ಶಿಬಿರದಲ್ಲಿ ಕೊಲೆಯಾದರು. ಯುದ್ಧಾನಂತರದ ಮೊದಲ ವಿಚಾರಣೆಯಲ್ಲಿ ಅವರು ಮಡಿದದ್ದು ನಾಟ್ಸ್‌ವೈಲರ್ ಎಂಬ ಬೇರೆ ಶಿಬಿರದಲ್ಲಿ ಎಂದು ತಪ್ಪಾಗಿ ನಿರ್ಣಯಿಸಲಾಗಿತ್ತು. ಆ ತಪ್ಪನ್ನು ಆಮೇಲೆ ತಿದ್ದಿಕೊಂಡರು. ೧೯೪೯ರಲ್ಲಿ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ಸಂದಿತು. ಹೆಸರು, ಧರ್ಮ, ಯೋಗ್ಯತೆ, ಮರಣಸ್ಥಳ, ಇವೆಲ್ಲವುಗಳಲ್ಲಿಯೂ ಸರಕಾರಿ ಲೇಖ ಎಡವಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೇ? ಲೇಖವು ಸಾಕ್ಷಿಯೇ ಹೊರತು ತೀರ್ಪಲ್ಲ.

ಈ ಮಾತು ಒಂದು ಸಂಗತಿಯಲ್ಲಂತೂ ಅತ್ಯಂತ ಮುಖ್ಯ. ಹಾರಲು ನಿರಾಕರಿಸಿದವರನ್ನು ಕುರಿತು ಬ್ರಿಟಿಷ್ ವಿಮಾನ ಖಾತೆಯು ೧೯೪೦ರಲ್ಲಿ ಹೊರಡಿಸಿದ ಆದೇಶದ ಫಲವಾಗಿ ಕೆಲವರ ಕಾಗದಗಳ ಮೇಲೆ ‘ನೈತಿಕ ಸ್ಥೈರ್ಯದ ಕೊರತೆ’ ಎಂಬ ಷರಾ ಬಿದ್ದಿತು. ಅಂಥವರ ಹಾರಾಟದ ಬಿಲ್ಲೆಯನ್ನು ಕಿತ್ತುಕೊಂಡು ದರ್ಜೆಯನ್ನು ಇಳಿಸುತ್ತಿದ್ದರು. ಇದನ್ನು ಕಂಡು ತಲೆ ತಗ್ಗಿಸುವ ಮೊಮ್ಮಕ್ಕಳಿಗೆ ನಾವು ಒಂದು ಲೆಕ್ಕವನ್ನು ಜ್ಞಾಪಿಸುತ್ತೇವೆ. ಬ್ರಿಟನ್ನಿನ ಬಾಂಬರ್ ಕಮಾಂಡಿನಲ್ಲಿ ಹಾರಿದ ಸುಮಾರು ೧,೨೫,೦೦೦ ಮಂದಿಯಲ್ಲಿ ೫೫,೫೭೩ ಮಂದಿ ಸತ್ತರು. ಒಂದು ಸರದಿ ಎಂದರೆ ೩೦ ದಾಳಿಗಳು. ಇಪ್ಪತ್ತು ಸಲ ಹೋಗಿ ಬಂದು, ಜೊತೆಯವರ ಹಾಸಿಗೆಗಳು ಖಾಲಿಯಾಗುವುದನ್ನು ನೋಡಿ, ಇಪ್ಪತ್ತೊಂದನೆಯ ಸಲ ಕಾಲೇಳದವನನ್ನು ಹೇಡಿಯೆನ್ನುವ ಅಧಿಕಾರ ಮನೆಯಲ್ಲಿ ಕುಳಿತ ನಮಗಿದೆಯೇ? ಷರಾ ಬರೆದವನ ಹೆಸರು ಅಲ್ಲಿರಬಹುದು. ಬರೆಸಿಕೊಂಡವನು ಪಟ್ಟ ಪಾಡು ಅಲ್ಲಿಲ್ಲ.

ಭಾರತವನ್ನು ಕೇಳದೆಯೇ ೧೯೩೯ರಲ್ಲಿ ವೈಸರಾಯರು ಅದನ್ನು ಯುದ್ಧಕ್ಕಿಳಿಸಿದರೆಂಬ ಕಹಿಯನ್ನು ನಾವು ಮರೆತಿಲ್ಲ. ಆ ಕಹಿಯಿಂದಾಗಿಯೇ ಸ್ವತಂತ್ರ ಭಾರತದಲ್ಲಿ ಆ ಯುದ್ಧದ ವೈಮಾನಿಕರನ್ನು ಕುರಿತು ಮಾತು ಕಡಿಮೆಯಾಯಿತೆಂದು ತೋರುತ್ತದೆ. ಆದರೆ ಯುದ್ಧದ ನೀತಿ ಬೇರೆ, ಅದರಲ್ಲಿ ದುಡಿದ ಮನುಷ್ಯ ಬೇರೆ. ದೇಶವಿಭಜನೆಯ ಅನಂತರವೂ ಭಾರತ ಪಾಕಿಸ್ತಾನಗಳು ಜಂಟಿಯಾಗಿ ಆ ಯುದ್ಧದ ಚರಿತ್ರೆಯನ್ನು ಬರೆಯಿಸಿದವೆಂಬುದು ಸ್ಮರಣೀಯ. ೧೯೯೩ರಲ್ಲಿ ಸಾರ್ವಜನಿಕ ದಾಖಲೆಗಳ ಕಾಯಿದೆ ಬಂದಿತು. ೨೦೨೧ರಲ್ಲಿ ನಮ್ಮ ರಕ್ಷಣಾ ಖಾತೆಯು ಯುದ್ಧದ ದಾಖಲೆಗಳನ್ನು ಸಾಮಾನ್ಯವಾಗಿ ೨೫ ವರ್ಷಗಳೊಳಗೆ ರಹಸ್ಯದಿಂದ ಬಿಡುಗಡೆ ಮಾಡತಕ್ಕದ್ದೆಂಬ ಧೋರಣೆಯನ್ನೂ ಅಂಗೀಕರಿಸಿತು. ಧೋರಣೆ ಕಾಗದದ ಮೇಲೆ ಉಳಿಯದೆ, ಸಾಮಾನ್ಯ ಗೃಹಸ್ಥನೊಬ್ಬನು ತನ್ನ ಅಜ್ಜನ ಲೇಖಕ್ಕಾಗಿ ಒಂದು ಅರ್ಜಿ ಬರೆದು ಒಂದು ಉತ್ತರವನ್ನು ಪಡೆಯುವಂತಾಗಬೇಕು. ಕ್ಯೂವಿನಲ್ಲಿ ಸಾಧ್ಯವಾದದ್ದು ದಿಲ್ಲಿಯಲ್ಲಿ ಅಸಾಧ್ಯವೆಂದು ನಾವು ಒಪ್ಪಲಾರೆವು.

ಸರಕಾರ ತನ್ನ ಕರ್ತವ್ಯವನ್ನು ಮಾಡುವ ವರೆಗೆ ಓದುಗರು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ತುಣುಕನ್ನೂ ಇಂದೇ ತೆಗೆದು, ಸಂಖ್ಯೆ, ತಾರೀಖು, ಹೆಸರುಗಳನ್ನು ಬರೆದಿಡಲಿ. ಹಾರಾಟದ ದಿನಚರಿ ಪುಸ್ತಕವಿದ್ದರೆ ಅದನ್ನು ಪ್ರಾಣದಂತೆ ಕಾಪಾಡಲಿ. ಯಾರೂ ಬಂದು ಕೇಳಲಿಲ್ಲವೆಂದು ಬ್ರಿಟನ್ನಿನ ಅಧಿಕಾರಿಗಳು ಯುದ್ಧಾನಂತರ ಅಂಥ ಅಸಂಖ್ಯ ಪುಸ್ತಕಗಳನ್ನು ನಾಶಮಾಡಿದರು. ಮನೆಯಲ್ಲಿ ನೂರರ ಅಂಚಿನ ಹಿರಿಯರು ಇನ್ನೂ ಇದ್ದರೆ, ಯಾವ ಕಚೇರಿಗೂ ಬರೆಯುವ ಮೊದಲು ಅವರ ಪಕ್ಕದಲ್ಲಿ ಒಂದು ಸಂಜೆ ಕುಳಿತು ಕೇಳಲಿ. ಆ ಲೇಖಕ್ಕೆ ನಕಲು ಪ್ರತಿಯಿಲ್ಲ.