ಮಗು ಹೇಳಿದ ಮೇಲೆ

ಪ್ರಾಥಮಿಕ ಶಾಲೆಯ ಸುರಕ್ಷತೆಯ ಮಾತು ಬಂದಾಗ ಕಾಂಪೌಂಡಿನ ಎತ್ತರ, ಗೇಟಿನ ಬೀಗ, ಸಿಸಿಟಿವಿ ಕ್ಯಾಮೆರಾಗಳ ಸಂಖ್ಯೆ ಇವೇ ಮೊದಲು ಲೆಕ್ಕಕ್ಕೆ ಬರುತ್ತವೆ. ಆದರೆ ಚಿಲಕವಿಲ್ಲದ ಶೌಚಾಲಯಕ್ಕೆ ಅಂಜಿ ದಿನವಿಡೀ ನೀರು ಕುಡಿಯದೆ ಕೂರುವ ಹುಡುಗಿಯ ಕಷ್ಟವಾಗಲಿ, ನಲ್ಲಿಯ ಬಳಿ ದೊಡ್ಡ ತರಗತಿಯವರಿಂದ ಪೆಟ್ಟು ತಿನ್ನುವ ಹುಡುಗನ ಭಯವಾಗಲಿ, ಶಾಲಾ ವಾಹನದ ಹಿಂದಿನ ಸೀಟಿನಲ್ಲಿ ನಡೆಯುವ ಸಂಗತಿಯಾಗಲಿ ತಪಾಸಣಾ ವರದಿಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಅವನ್ನು ಬಲ್ಲವರು ಮಕ್ಕಳೇ ಆದ್ದರಿಂದ, ಅವರನ್ನು ಕೇಳದ ಶಾಲೆಗೆ ತನ್ನೊಳಗಿನ ಅಪಾಯಗಳ ಪೂರ್ಣ ಅರಿವೇ ಆಗದು.

ವಿಶ್ವಸಂಸ್ಥೆ 1989ರಲ್ಲಿ ಅಂಗೀಕರಿಸಿದ, ಭಾರತವು 1992ರಲ್ಲಿ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯು ತನಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕನ್ನು ಮಗುವಿಗೆ ಕೊಟ್ಟರೆ, 19ನೆಯ ವಿಧಿಯು ಹಿಂಸೆಯಿಂದ ರಕ್ಷಣೆ ಪಡೆಯುವ ಹಕ್ಕನ್ನು ಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಕಾಯ್ದೆ, ಅಂದರೆ ಪೋಕ್ಸೊ, ಇನ್ನೂ ಮುಂದೆ ಹೋಗಿ, ಅಪರಾಧ ನಡೆದಿದೆಯೆಂದು ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ತನ್ನ ಕೈಕೆಳಗಿನವರ ಕೃತ್ಯವನ್ನು ವರದಿ ಮಾಡದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಶಾಲೆಯ ಮರ್ಯಾದೆಯ ಹೆಸರಿನಲ್ಲಿ ಪೋಷಕರನ್ನು ಕರೆಸಿ ರಾಜಿ ಮಾಡಿಸುವ ರೂಢಿಗೆ ಕಾನೂನಿನಲ್ಲಿ ಎಡೆಯೇ ಇಲ್ಲ. ಮಗುವೇ ದೂರು ಕೊಟ್ಟಾಗ ಅದಕ್ಕೆ ಅರ್ಥವಾಗುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು, ಹೇಳಿಕೆಯನ್ನು ಅದರ ಮನೆಯಲ್ಲಿಯೋ ಅದು ಬಯಸಿದ ಜಾಗದಲ್ಲಿಯೋ ಪಡೆಯಬೇಕು, ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬಾರದು ಎಂಬಷ್ಟು ಸೂಕ್ಷ್ಮವಾಗಿ ಈ ಕಾಯ್ದೆ ಯೋಚಿಸಿದೆ.

ಇಷ್ಟು ಕಾನೂನಿದ್ದೂ ಮಗು ಬಾಯಿ ತೆರೆಯುವುದು ಶಾಲೆಯ ದಿನನಿತ್ಯದ ನಡವಳಿಕೆಯನ್ನು ನೋಡಿಕೊಂಡೇ. ಕರ್ನಾಟಕದ ಅನೇಕ ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ. ಚುನಾವಣೆ ನಡೆದು ಆರೋಗ್ಯ ಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿಗಳು ಪ್ರಮಾಣವಚನ ಸ್ವೀಕರಿಸುತ್ತಾರೆ, ಆಮೇಲೆ ಎಷ್ಟೋ ಕಡೆ ಶಿಕ್ಷಕರು ಹೇಳಿದ ಕೆಲಸವನ್ನು ಉಳಿದ ಮಕ್ಕಳಿಂದ ಮಾಡಿಸುವುದೇ ಅವರ ಖಾತೆಯಾಗಿಬಿಡುತ್ತದೆ. ಸಲಹಾ ಪೆಟ್ಟಿಗೆಯ ಸ್ಥಿತಿಯೂ ಇದಕ್ಕಿಂತ ಉತ್ತಮವಲ್ಲ: ಕೀಲಿಕೈ ಯಾರ ಬಳಿ ಇದೆಯೋ ಅವರ ಮೇಲೆಯೇ ದೂರಿದ್ದರೆ ಚೀಟಿ ಹಾಕುವ ಧೈರ್ಯ ಯಾರಿಗೂ ಬರುವುದಿಲ್ಲ, ಮತ್ತು ಬರೆಯಲು ಬಾರದ ಒಂದನೆಯ ತರಗತಿಯ ಮಗುವಿಗೆ ಆ ಪೆಟ್ಟಿಗೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಂಥ ಮಕ್ಕಳಿಗೆ ಶಾಲೆಯ ನಕ್ಷೆ ಕೊಟ್ಟು ಭಯವಾಗುವ ಜಾಗಗಳಿಗೆ ಕೆಂಪು ಬಣ್ಣ ಹಚ್ಚಲು ಹೇಳಿದರೆ, ಪ್ರಶ್ನೆ ಕೇಳಿದಾಗ ಹೊರಬಾರದ ಸಂಗತಿಗಳೂ ಹೊರಬರುತ್ತವೆ.

ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದ ಲಾರಾ ಲುಂಡಿ ಅವರು 2007ರಲ್ಲಿ ಮಗುವಿನ ಮಾತಿಗೆ ಕಿವಿಗೊಡುವ ವಿಷಯವನ್ನು ನಾಲ್ಕು ಅಂಶಗಳಾಗಿ ಬಿಡಿಸಿದರು: ನಿರ್ಭಯವಾಗಿ ಮಾತಾಡಲು ಅವಕಾಶ, ಮಾತು ರೂಪಿಸಿಕೊಳ್ಳಲು ನೆರವು, ಕೇಳಿಸಿಕೊಳ್ಳಬೇಕಾದ ಅಧಿಕಾರವುಳ್ಳ ಶ್ರೋತೃ, ಕೇಳಿದ್ದರಿಂದ ನಿರ್ಧಾರದ ಮೇಲೆ ಆಗುವ ಪ್ರಭಾವ. ಶಾಲೆಗಳು ಮೊದಲೆರಡನ್ನು ಹೇಗೋ ಒದಗಿಸುತ್ತವೆ, ಸೋಲುವುದು ಉಳಿದೆರಡರಲ್ಲಿ. ಶ್ರೋತೃವಾಗುವ ಶಿಕ್ಷಕರಿಗೂ ತರಬೇತಿ ಬೇಕು. "ಯಾರಿಗೂ ಹೇಳುವುದಿಲ್ಲ" ಎಂದು ಮಾತು ಕೊಟ್ಟವರು ವರದಿ ಮಾಡಲೇಬೇಕಾದಾಗ ಆ ಮಾತನ್ನು ಮುರಿಯಬೇಕಾಗುತ್ತದೆ. ಅದರ ಬದಲು ಯಾರಿಗೆ, ಏಕೆ ತಿಳಿಸಬೇಕೆಂಬುದನ್ನು ಮಗುವಿಗೆ ಮೊದಲೇ ವಿವರಿಸುವುದೇ ಪ್ರಾಮಾಣಿಕ ದಾರಿ. ಮಗು ಒಮ್ಮೆ ಹೇಳಿದ್ದನ್ನೇ ನಾಲ್ಕಾರು ಜನ ಸರದಿಯಂತೆ ಕೆದಕಿ ಕೇಳುವುದಂತೂ ಕ್ರೌರ್ಯವೇ ಸರಿ.

ಪ್ರಭಾವದ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಅನುಭವವಿದೆ. ಕುಂದಾಪುರ ಭಾಗದಲ್ಲಿ 1990ರ ದಶಕದಲ್ಲಿಯೇ ಮಕ್ಕಳ ಪಂಚಾಯಿತಿಗಳು ರೂಪುಗೊಂಡವು. ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದಾದ್ಯಂತ ಹಬ್ಬಿತು. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡನ್ನು ಕಾಲುಸಂಕದ ಮೇಲೆ ದಾಟಿ ಶಾಲೆಗೆ ಬರುವ ಮಗುವಿನ ಸಮಸ್ಯೆಯನ್ನು ಮುಖ್ಯೋಪಾಧ್ಯಾಯರೊಬ್ಬರೇ ಬಗೆಹರಿಸಲಾರರು, ಅದಕ್ಕೆ ಪಂಚಾಯಿತಿಯ ಹಣವೂ ಅಭಿವೃದ್ಧಿ ಅಧಿಕಾರಿಯ ಸಹಿಯೂ ಬೇಕಾಗುವುದರಿಂದ, ಮಗುವಿನ ಮಾತು ಶಾಲೆಯ ಆವರಣ ದಾಟಿ ಅಲ್ಲಿಗೆ ಮುಟ್ಟಲೇಬೇಕು. ಹಾರ, ಭಾಷಣ, ಸಿಹಿ ಹಂಚಿಕೆಗಳಲ್ಲಿಯೇ ಮುಗಿಯುವ ಸಭೆಗಳೂ ಇಲ್ಲದಿಲ್ಲ. ಹಿಂದಿನ ವರ್ಷದ ಬೇಡಿಕೆಗಳಲ್ಲಿ ಯಾವುದು ಈಡೇರಿತು, ಯಾವುದು ಏಕೆ ಈಡೇರಲಿಲ್ಲ ಎಂಬ ಅನುಪಾಲನಾ ವರದಿಯನ್ನು ಮಕ್ಕಳೆದುರೇ ಓದಿದ ಕಡೆ, ಅವರು ಮರುವರ್ಷವೂ ಪ್ರಶ್ನೆಗಳನ್ನು ಬರೆದುಕೊಂಡು ಬರುತ್ತಾರೆ.